ಅಳತೆ ಬ್ಲೌಸು

ಬಂದ್ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಅಂಗಡಿ ಲೂಟಿಯಾದ ಮೇಲೆ ಪಾಂಡವಪುರದ ಅರ್ಧ ಜನ ನನ್ನ ಬಾಯಿಂದ ಬಂದ್ ಮಾಡಿದ್ದೇ ತಪ್ಪು ಎಂದು ಹೇಳಿಸಲು ನೋಡಿದರು. ಇನ್ನರ್ಧ ಜನ ಊರಿನವರು ಯಾರೂ ತಪ್ಪೇ ಮಾಡಿಲ್ಲ ಎಂದು ಹೇಳಿಸಲು ನೋಡಿದರು. ನಾಲೆಗೆ ನೀರು ಬಿಡಿ ಎಂದು ಕೇಳಿದ್ದು ನ್ಯಾಯವೇ. ಕೆ.ಆರ್.ಎಸ್. ಮಗ್ಗುಲಲ್ಲೇ ಇಟ್ಟುಕೊಂಡು ಕಬ್ಬು ಒಣಗುವುದನ್ನು ನೋಡುತ್ತಾ ಕೂರಲು ಯಾರಿಗೆ ತಾನೇ ಆಗುತ್ತದೆ? ನಾನೂ ಆ ದಿನ ಶಟರ್ ಎಳೆದು ಹೆಂಗಸರ ಜೊತೆ ಮೈಸೂರು ರಸ್ತೆಯ ಬಿಸಿಲಲ್ಲಿ ಕೂತವಳು. ನನಗೆ ಒಂದು ಗುಂಟೆ ಗದ್ದೆಯೂ ಇಲ್ಲ. ಆದರೆ ಗದ್ದೆಯವರ ಮನೆಯಲ್ಲಿ ನಾಲ್ಕು ಕಾಳಿದ್ದರೆ ತಾನೇ ಅವರ ಹೆಂಗಸರು ಹಬ್ಬಕ್ಕೆ ಬ್ಲೌಸು ಹೊಲಿಸುವುದು.

ನನ್ನ ಹೆಸರು ಅಸ್ಫಿಯಾ. ಹದಿನೆಂಟು ವರ್ಷದಿಂದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಮಳಿಗೆ ಚಿಕ್ಕಸ್ವಾಮಿಯವರದು. ಬಂದ್ ಸಮಿತಿಯ ಅಧ್ಯಕ್ಷರೂ ಅವರೇ. ಅವರೇ ಬೀದಿ ಬೀದಿ ತಿರುಗಿ, ಎಲ್ಲರೂ ಶಟರ್ ಎಳೆದು ಬನ್ನಿ ಎಂದು ಕೈಮುಗಿದಿದ್ದರು. ನಮ್ಮ ಬೀದಿಯಲ್ಲಿ ಒಂದು ರೂಢಿಯಿದೆ. ಬಂದ್ ದಿನ ಶಟರ್ ಎಳೆಯುತ್ತೇವೆ, ಬೀಗ ಹಾಕುವುದಿಲ್ಲ. ಬೀಗ ಹಾಕಿದರೆ ಹೆದರಿ ಮುಚ್ಚಿದ್ದಾರೆ ಎಂದು ಅರ್ಥ, ಬರಿದೇ ಎಳೆದರೆ ನಾವೂ ನಿಮ್ಮ ಜೊತೆ ಇದ್ದೇವೆ ಎಂದು ಅರ್ಥ. ಇಷ್ಟು ವರ್ಷ ಒಂದು ಗುಂಡಿಯೂ ಕಳುವಾಗಿರಲಿಲ್ಲ. ಅಂಥ ರೂಢಿಯನ್ನು ನಂಬಿದ್ದಕ್ಕೆ ನನ್ನನ್ನು ದಡ್ಡಿ ಎನ್ನುವವರು ಎನ್ನಲಿ.

ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು. ಘೋಷಣೆ, ಮಜ್ಜಿಗೆ, ಚಿತ್ರಾನ್ನ. ಎರಡು ಗಂಟೆಯ ಹೊತ್ತಿಗೆ ಒಂದು ಕಲ್ಲು ಬಸ್ಸಿನ ಗಾಜಿಗೆ ಬಿತ್ತು. ಪೊಲೀಸರು ಲಾಠಿ ಎತ್ತಿದರು, ಜನ ಚೆಲ್ಲಾಪಿಲ್ಲಿಯಾದರು, ಯಾರೋ ಟೈರಿಗೆ ಹಚ್ಚಿದ ಬೆಂಕಿ ಬಸ್ಸಿಗೇ ಹತ್ತಿತು. ನಾವು ಹೆಂಗಸರು ಶಾಲೆಯ ಕಾಂಪೌಂಡಿನೊಳಗೆ ನುಗ್ಗಿ ಕೂತೆವು. ಗಲಾಟೆ ಅಡಗಿದ ಮೇಲೆ ನಾನು ಬೀದಿಗೆ ಬಂದು ನೋಡಿದರೆ ಮೊಬೈಲ್ ಅಂಗಡಿ ಖಾಲಿ, ಚಪ್ಪಲಿ ಅಂಗಡಿ ಖಾಲಿ, ನನ್ನ ಶಟರ್ ಮೇಲಕ್ಕೆ ಹೋಗಿತ್ತು. ಎರಡು ಹೊಲಿಗೆ ಮಿಷಿನ್ನುಗಳಲ್ಲಿ ಒಂದು ಇರಲಿಲ್ಲ. ಇನ್ನೊಂದು ಮೋರಿಯಲ್ಲಿ ಬಿದ್ದಿತ್ತು. ಹೊಲಿದು ಇಸ್ತ್ರಿ ಮಾಡಿಟ್ಟಿದ್ದ ಬ್ಲೌಸುಗಳಲ್ಲಿ ಒಂದೂ ಇರಲಿಲ್ಲ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅವುಗಳ ಜೊತೆಗೆ ಹೋದದ್ದು ಅಳತೆ ಬ್ಲೌಸುಗಳು. ನಮ್ಮ ಕಡೆಯ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವುದಿಲ್ಲ. ಹೊಸ ಬಟ್ಟೆಯ ಜೊತೆ ತಮ್ಮ ಒಂದು ಹಳೆಯ ಬ್ಲೌಸು ಕೊಟ್ಟು, "ಇದೇ ಅಳತೆ" ಎನ್ನುತ್ತಾರೆ. ಬಣ್ಣ ಹೋಗಿರುತ್ತದೆ, ಕಂಕುಳು ಸವೆದಿರುತ್ತದೆ, ಆದರೆ ಮೈಗೆ ಸರಿಯಾಗಿ ಕೂರುವುದು ಅದೊಂದೇ. ಹಾಗಾಗಿ ಲೂಟಿಯಾದ ಮರುದಿನ ಮೂಗಮ್ಮ ಬಂದವಳು ಹೊಸದರ ಸುದ್ದಿಯನ್ನೇ ಎತ್ತಲಿಲ್ಲ.

"ಒಸಾದು ಓದ್ರೆ ಓಯ್ತು ಬುಡವ್ವ. ನನ್ ಅಳ್ತೆ ಬ್ಲೌಸ್ನೂ ಒತ್ಕೊಂಡೋದ್ರಲ್ಲ, ಅವ್ರ್ ಮನೆ ಆಳಾಗ. ಇನ್ ನಾನು ಯಾವ್ದ ತೋರ್ಸಿ ಒಲ್ಸನೆ?"

ಅಷ್ಟು ದುಃಖದಲ್ಲೂ ನನಗೆ ನಗು ಬಂತು. ಯಶಸ್ವಿನಿಯನ್ನು ನೆನೆದಾಗ ಮಾತ್ರ ನಗು ಬರಲಿಲ್ಲ. ಆ ಹುಡುಗಿಯ ಮದುವೆಗೆ ಪಾಚಿಹಸಿರು ರೇಷ್ಮೆಯ ಬ್ಲೌಸಿಗೆ ನಾಲ್ಕು ದಿನ ಕೂತು ಕೈಕೆಲಸ ಮಾಡಿದ್ದೆ. ಅವಳು ಮುಹೂರ್ತಕ್ಕೆ ಚಿಕ್ಕಮ್ಮನ ಬ್ಲೌಸು ತೊಟ್ಟು, ಭುಜ ಜಾರದಂತೆ ಪಿನ್ನು ಚುಚ್ಚಿಕೊಂಡು ಕೂತಳಂತೆ.

ಊರು ಮಾತಾಡತೊಡಗಿತು. ಟೀ ಅಂಗಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಇದಕ್ಕೇ ಪ್ರತಿಭಟನೆಗಳನ್ನೆಲ್ಲ ನಿಷೇಧಿಸಬೇಕು ಎಂದರು. ನಿಮ್ಮ ಪಿಂಚಣಿ ಒಂದು ತಿಂಗಳು ನಿಂತರೆ ಎಲ್ಲಿ ಹೋಗಿ ಕೂರುತ್ತೀರಿ ಎಂದು ಕೇಳಿದ್ದಕ್ಕೆ ನನ್ನ ಮೇಲೆ ಸಿಟ್ಟಾದರು. ಮೈಕು ಹಿಡಿದು ಬಂದ ಒಬ್ಬ, "ನಿಮ್ಮ ಅಂಗಡಿಯನ್ನೇ ಗುರಿ ಮಾಡಿದ್ದರಾ ಮೇಡಂ? ನೀವು ಮುಸ್ಲಿಂ ಅಂತಲಾ?" ಎಂದ. ಚಪ್ಪಲಿ ಅಂಗಡಿಯ ಲಕ್ಷ್ಮಣ ಯಾವ ಜಾತಿ ಎಂದು ಅವನನ್ನೂ ಹೋಗಿ ಕೇಳಪ್ಪ ಎಂದೆ. ಅವನಿಗೆ ಆ ಉತ್ತರ ಬೇಕಿರಲಿಲ್ಲ, ಮೈಕು ಎತ್ತಿಕೊಂಡು ಹೋದ. ಇನ್ನು ಕೆಲವರು, ಬೀಗ ಹಾಕದೆ ಹೋದದ್ದು ಅವಳದೇ ತಪ್ಪು ಎಂದು ತೀರ್ಪು ಕೊಟ್ಟರು.

ಆದರೆ ಎಲ್ಲರ ಬಾಯಲ್ಲೂ ಕೊನೆಗೆ ಬಂದು ನಿಲ್ಲುತ್ತಿದ್ದ ಮಾತು ಒಂದೇ, ಹೊರಗಿನವರು. ಹೊರಗಿನವರು ಬಂದು ಮಾಡಿದ್ದು. ಲಾರಿಯಲ್ಲಿ ಬಂದರು ಎಂದು ಒಬ್ಬ, ಬೈಕುಗಳಲ್ಲಿ ಬಂದರು ಎಂದು ಇನ್ನೊಬ್ಬ. ನನ್ನ ಅಂಗಡಿಯ ಎದುರಿಗೇ ಹೂವು ಕಟ್ಟುವ ಮಂಗಳಮ್ಮ ಆ ದಿನ ಬುಟ್ಟಿ ಎತ್ತಿಕೊಂಡು ಓಡಲು ಆಗದೆ ಅಲ್ಲೇ ಗೋಡೆಯ ಮರೆಯಲ್ಲಿ ಕೂತಿದ್ದಳು. ಅವಳನ್ನು ಕೇಳಿದೆ.

"ನಾನೇನೂ ನೋಡ್ಲಿಲ್ಲ ಕಣವ್ವ," ಎಂದಳು. ದಾರದ ಮೇಲಿನ ಕಣ್ಣು ಎತ್ತಲಿಲ್ಲ.

"ಶಟರ್‌ಗೆ ಬೀಗ ಆಕಿಲ್ಲ ಅಂತ ಒರಗಿನವ್ರಿಗೆ ಎಂಗೆ ಗೊತ್ತಾಯ್ತು ಮಂಗಳಮ್ಮ?"

"ನನ್ ಕೇಳ್ಬ್ಯಾಡ ತಾಯಿ. ನಾನು ಇದೇ ಬೀದೀಲಿ ಊವ ಮಾರ್ಬೇಕು."

ಒಂದು ವಾರ ಕಳೆದ ಮೇಲೆ ಚಿಕ್ಕಸ್ವಾಮಿಯವರು ಒಂದು ಕಾಗದ ಹಿಡಿದು ಬಂದರು. ಅಂಗಡಿಗಳನ್ನು ದೋಚಿದವರು ಹೊರಗಿನ ಕಿಡಿಗೇಡಿಗಳು, ಇದರಲ್ಲಿ ನಮ್ಮ ಊರಿನ ಯಾರ ಪಾತ್ರವೂ ಇಲ್ಲ ಎಂದು ಬೀದಿಯ ವ್ಯಾಪಾರಿಗಳೆಲ್ಲ ಬರೆದುಕೊಡುವ ಹೇಳಿಕೆ. ಎಲ್ಲರ ಸಹಿಯೂ ಬಿದ್ದಿತ್ತು, ಲಕ್ಷ್ಮಣನದೂ. ನನ್ನದೊಂದು ಬಾಕಿ.

"ನಿನ್ ಸೈನು ಮುಖ್ಯ ಕಣಮ್ಮ," ಎಂದರು. "ನಿಮ್ಮೋರೇ ಸೈನ್ ಆಕ್ಬುಟ್ರೆ ನಾಳೆ ಯಾರೂ ಇದಕ್ಕೆ ಜಾತಿ ಬಣ್ಣ ಬಳಿಯಕಾಗಲ್ಲ. ಪೊಲೀಸ್ನೋರು ನಮ್ಮುಡುಗ್ರ ಮೇಲೆ ಆಕಿರೋ ಗಲಾಟೆ ಕೇಸೂ ಓಯ್ತದೆ. ಓರಾಟಕ್ಕೂ ಮಸಿ ಅಂಟಲ್ಲ."

"ಯೋಚ್ನೆ ಮಾಡ್ತೀನಿ ಅಣ್ಣ."

"ಯೋಚ್ನೆ ಮಾಡು. ಭಾನ್ವಾರ ಸಮುದಾಯ ಭವನದಲ್ಲಿ ಮೀಟಿಂಗ್ ಅದೆ, ಅಲ್ಲಿಗೆ ಬಾ." ಮೆಟ್ಟಿಲಿಳಿದವರು ತಿರುಗಿ ನಿಂತರು. "ಮಳಿಗೆ ಅಗ್ರಿಮೆಂಟು ಬರೋ ತಿಂಗ್ಳು ಮುಗೀತದಲ್ವ? ಗ್ಯಾಪ್ಕ ಇರ್ಲಿ."

ಮನೆಯಲ್ಲಿ ನನ್ನ ಗಂಡ ಹಸೀಬ್ ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡ. ಅವನು ಆಲೆಮನೆಗಳಿಂದ ಬೆಲ್ಲ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾನೆ, ಯಾರ ಜೊತೆಗೂ ಜಗಳ ಆಡಿದವನಲ್ಲ.

"ಕಾಯ್ಕೂ? ಯಾಕೀ ಜಿದ್ದು? ಒಂದು ಸೈನ್ ತಾನೇ, ಹಾಕ್ಬುಡು. ನಾವು ಇಲ್ಲೇ ಬದುಕ್ಬೇಕು."

"ಇಲ್ಲೇ ಬದುಕ್ಬೇಕು ಅಂತಾನೇ ಆಕಲ್ಲ," ಎಂದೆ. ಹಾಗೆ ಹೇಳಿದೆನೇ ಹೊರತು ರಾತ್ರಿಯೆಲ್ಲ ಹೊರಳಾಡಿದೆ. ಮಳಿಗೆ ಹೋದರೆ ನಾನು ಏನೂ ಅಲ್ಲ. ಮನೆಯೊಳಗೆ ಮಿಷಿನ್ನು ಇಟ್ಟುಕೊಂಡು ಸೀರೆಗಳಿಗೆ ಫಾಲ್ಸ್ ಹಾಕಿಕೊಂಡಿರಬೇಕು. ಸೈನ್ ಹಾಕಿದರೆ ಮಳಿಗೆ ಉಳಿಯುತ್ತದೆ, ಆದರೆ ಅದೇ ಬೀದಿಯಲ್ಲಿ ನನ್ನ ಮಿಷಿನ್ನು ಹೊತ್ತುಕೊಂಡು ಹೋದವನು ನಾಳೆ ನನ್ನನ್ನೇ "ಚೆನ್ನಾಗಿದ್ದೀಯಾಕ್ಕ" ಎಂದು ಕೇಳುತ್ತಾನೆ, ನಾನು ಹ್ಞೂಂ ಎನ್ನಬೇಕು.

ಶುಕ್ರವಾರ ಬೆಳಿಗ್ಗೆ ಸ್ನೇಹ ಬಂದಳು. ಚಿಕ್ಕಸ್ವಾಮಿಯವರ ಸೊಸೆ, ಅವರ ಮಗ ಶಶಾಂಕನ ಹೆಂಡತಿ. ನಾಗಮಂಗಲದ ಹುಡುಗಿ, ಮದುವೆಯಾಗಿ ಎರಡು ವರ್ಷ. ಇಷ್ಟು ದಿನ ತವರಿನ ಟೈಲರ್ ಹತ್ತಿರವೇ ಹೊಲಿಸುತ್ತಿದ್ದವಳು ನನ್ನ ಬಳಿ ಬಂದದ್ದು ಇದೇ ಮೊದಲು. ನಾನು ಮೋರಿಯಿಂದ ಎತ್ತಿದ ಮಿಷಿನ್ನನ್ನು ರಿಪೇರಿ ಮಾಡಿಸಿಕೊಂಡು ಕೂತಿದ್ದೆ.

"ಅಕ್ಕ, ತಂಗಿ ನಿಶ್ಚಿತಾರ್ಥಕ್ಕೆ ಒಂದು ಬ್ಲೌಸ್ ಹೊಲ್ಕೊಡಿ," ಎಂದು ಹೊಸ ಬಟ್ಟೆ ಇಟ್ಟಳು. ಆಮೇಲೆ ಚೀಲದಿಂದ ಅಳತೆ ಬ್ಲೌಸು ತೆಗೆದಳು. "ಇದೇ ಅಳತೆಗೆ. ಇಷ್ಟು ಚೆನ್ನಾಗಿ ಕೂರೋ ಬ್ಲೌಸು ನಂಗೆ ಜನ್ಮದಲ್ಲಿ ಸಿಕ್ಕಿರ್ಲಿಲ್ಲ ಅಕ್ಕ."

ಪಾಚಿಹಸಿರು ರೇಷ್ಮೆ. ಕೈಕೆಲಸ ನನ್ನದು. ಅನುಮಾನವೇ ಬೇಡ ಎಂದು ಒಳಗೆ ತಿರುಗಿಸಿ ನೋಡಿದೆ. ಕೆಳಗಿನ ಕೊನೆಯ ಕೊಕ್ಕೆ ತಲೆಕೆಳಗಾಗಿತ್ತು. ಕೂತೆದ್ದಾಗ ಕೊಕ್ಕೆ ಬಿಚ್ಚಿಕೊಳ್ಳದಿರಲಿ ಎಂದು ನಮ್ಮಮ್ಮ ಇಮಾಮ್ ಬೀ ಹಾಗೆ ಹಾಕುತ್ತಿದ್ದಳು, ನಾನೂ ಹಾಕುತ್ತೇನೆ. ಈ ತಾಲ್ಲೂಕಿನಲ್ಲಿ ಬೇರೆ ಯಾರೂ ಹಾಕುವುದಿಲ್ಲ.

ಆ ಕ್ಷಣ ಅವಳ ಜುಟ್ಟು ಹಿಡಿದು ಬೀದಿಗೆ ಎಳೆಯಬೇಕು ಅನ್ನಿಸಿದ್ದು ನಿಜ.

"ಇದನ್ನ ಎಲ್ಲಿ ತಗೊಂಡೆ?"

"ನಮ್ಮನೆಯವ್ರು ಮೈಸೂರಿಂದ ತಂದ್ಕೊಟ್ರು."

"ಯಾವತ್ತು?"

"ಅದೇ, ಬಂದ್ ದಿನ ಸಾಯಂಕಾಲ..." ಎಂದವಳು ನಿಲ್ಲಿಸಿದಳು. ಬಂದ್ ದಿನ ಮೈಸೂರಿಗೆ ಹೋಗಿಬರಲು ಬಸ್ಸೂ ಇರಲಿಲ್ಲ, ರಸ್ತೆಯೂ ಬಂದಾಗಿತ್ತು. ಅದು ಅವಳಿಗೆ ಹೊಳೆದದ್ದು ನನ್ನ ಅಂಗಡಿಯಲ್ಲಿ, ನನ್ನ ಎದುರಿಗೆ. ಕದ್ದ ಮಾಲೆಂದು ತಿಳಿದವರು ಯಾರಾದರೂ ಹೊಲಿದವಳ ಮುಂದೆಯೇ ತಂದು ಹರವುತ್ತಾರೆಯೇ? ನನ್ನ ಸಿಟ್ಟು ಅವಳ ಮೇಲಿಂದ ಇಳಿಯಿತು.

"ಇದು ಯಶಸ್ವಿನಿ ಮದ್ವೆಗೆ ನಾನು ಒಲ್ದಿದ್ದು ಸ್ನೇಹ. ಇಲ್ಲೇ, ಈ ಮೊಳೆಗೆ ತೂಗಾಕಿದ್ದೆ."

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಈಗ ಏನ್ ಮಾಡ್ತೀರಕ್ಕ?" ಎಂದಳು.

"ಗೊತ್ತಿಲ್ಲ. ನಿಮ್ಮಾವ ತಂದಿರೋ ಪೇಪರ್‌ಗೆ ಸೈನ್ ಮಾತ್ರ ಆಕಲ್ಲ."

ಅವಳು ಬ್ಲೌಸನ್ನು ಅಲ್ಲೇ ಬಿಟ್ಟು, ತನ್ನ ಹೊಸ ಬಟ್ಟೆಯನ್ನೂ ಮರೆತು ಎದ್ದು ಹೋದಳು.

ಭಾನುವಾರ ಸಮುದಾಯ ಭವನ ತುಂಬಿತ್ತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಸ್ನೇಹ ಗೋಡೆಗೆ ಒರಗಿ ತಲೆ ತಗ್ಗಿಸಿ ಕೂತಿದ್ದಳು. ಶಶಾಂಕ ಬಿಳಿ ಅಂಗಿ ತೊಟ್ಟು ಕುರ್ಚಿಗಳನ್ನು ಸರಿಮಾಡುತ್ತಿದ್ದ, ನನ್ನನ್ನು ಕಂಡು "ಬನ್ನಿ ಅಕ್ಕ, ಕೂತ್ಕಳಿ" ಎಂದ. ಎಷ್ಟು ಮರ್ಯಾದೆ. ಚಿಕ್ಕಸ್ವಾಮಿಯವರು ಊರಿನ ಒಗ್ಗಟ್ಟಿನ ಬಗ್ಗೆ ಮಾತಾಡಿ, ಕಾಗದ ಮತ್ತು ಪೆನ್ನನ್ನು ನನ್ನ ಮುಂದೆ ಚಾಚಿದರು. ನಾನು ಪೆನ್ನು ಮುಟ್ಟಲಿಲ್ಲ, ಎದ್ದು ನಿಂತೆ.

"ನಾನು ಸೈನ್ ಆಕಲ್ಲ. ನೀರ್ ಕೇಳಕ್ಕೆ ನಾನೂ ಬಂದು ರೋಡಲ್ಲಿ ಕೂತಿದ್ದೆ, ನಾಳೆ ಕರುದ್ರೂ ಬರ್ತೀನಿ. ಆದ್ರೆ ನನ್ ಅಂಗ್ಡಿ ದೋಚ್ದವ್ರು ಒರಗಿನವ್ರಲ್ಲ. ಈ ಊರವ್ರೇ."

ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ, "ಊರ್ಗೇ ಕೆಟ್ಟೆಸ್ರು ತರ್ತಾವ್ಳೆ ಕಣ್ಲಾ" ಎಂದ.

"ಎಸ್ರು ಕೆಡ್ಸಿದ್ದು ನಾನಲ್ಲ," ಎಂದೆ. "ಲಕ್ಷ್ಮಣಣ್ಣ, ನಿನ್ ಅಂಗ್ಡಿ ಚಪ್ಲಿ ಯಾರ್ ಯಾರ್ ಕಾಲಲ್ಲಿ ಅವೆ ಅಂತ ನಿಂಗೂ ಗೊತ್ತು. ದಿನಾ ನೋಡ್ಕೊಂಡು ಓಡಾಡ್ತೀಯ."

ಲಕ್ಷ್ಮಣ ನೆಲ ನೋಡಿದ.

"ಸುಮ್ಕೆ ಮಾತಾಡ್ಬ್ಯಾಡ," ಎಂದರು ಚಿಕ್ಕಸ್ವಾಮಿ. ದನಿ ಗಟ್ಟಿಯಾಗಿತ್ತು. "ಯಾರು ಅಂತ ಎಸ್ರು ಏಳು. ಇಲ್ಲಾಂದ್ರೆ ಸೈನ್ ಆಕು."

ಬ್ಲೌಸು ನನ್ನ ಚೀಲದಲ್ಲೇ ಇತ್ತು. ಎತ್ತಿ ಹಿಡಿದರೆ ಸಾಕಿತ್ತು. ಆದರೆ ಎತ್ತಿದರೆ ಇಡೀ ಊರು ನೋಡುವುದು ಶಶಾಂಕನನ್ನಲ್ಲ, ಗೊತ್ತಿಲ್ಲದೆ ಅದನ್ನು ತೊಟ್ಟಿದ್ದ ಸ್ನೇಹಳನ್ನು. ಆ ಹುಡುಗಿ ಮಾಡಿದ ತಪ್ಪೇನು?

"ಎಸ್ರು ಇಲ್ಲಿ ಏಳಲ್ಲ ಅಣ್ಣ. ಇದು ಪಂಚಾಯ್ತಿ ಮಾಡಿ ಮುಚ್ಚಾಕೋ ವಿಷ್ಯ ಅಲ್ಲ. ನಾಳೆ ಅತ್ತು ಗಂಟೆಗೆ ಸ್ಟೇಷನ್ನಲ್ಲಿ ಏಳ್ತೀನಿ. ಸಾಕ್ಷಿ ನನ್ ಅತ್ರ ಅದೆ."

"ಅಂಗಾರೆ ಮಳಿಗೆ ಖಾಲಿ ಮಾಡು."

"ಮಾಡ್ತೀನಿ."

ಅಷ್ಟು ಹೇಳಿ ಹೊರಗೆ ಬಂದೆ. ಹಸೀಬ್ ಆಟೋದಲ್ಲಿ ಕಾಯುತ್ತಿದ್ದ. ಒಳಗಿನ ಮಾತೆಲ್ಲ ಅವನಿಗೂ ಕೇಳಿಸಿತ್ತು. "ಬೆಳಿಗ್ಗೆ ನಾನೇ ಬಿಡ್ತೀನಿ, ಲೋಡ್ ಆಮೇಲೆ ನೋಡ್ಕೊಂಡ್ರಾಯ್ತು" ಎಂದ. ಜಗಳ ಆಡದ ಗಂಡಸು ಅಷ್ಟು ಹೇಳಿದ್ದೇ ನನಗೆ ಬೆಟ್ಟದಷ್ಟಾಯಿತು.

ಮರುದಿನ ಹತ್ತಕ್ಕೆ ಸ್ಟೇಷನ್ ಮುಂದೆ ಆಟೋ ಇಳಿದೆ. ಯಾರೂ ಬಂದಿರುವುದಿಲ್ಲ ಎಂದುಕೊಂಡಿದ್ದೆ. ಗೇಟಿನ ಪಕ್ಕದ ಹೊಂಗೆ ಮರದಡಿ ಸ್ನೇಹ ನಿಂತಿದ್ದಳು. ಕಣ್ಣು ಊದಿತ್ತು. ಕೈಯಲ್ಲಿ ತವರಿಗೆ ಹೋಗುವವರ ಹಾಗೆ ಬಟ್ಟೆಯ ಬ್ಯಾಗು ಇತ್ತು.

"ನಿನ್ ಎಸ್ರು ಎತ್ತದೆ ಬರ್ಸಕ್ಕಾಗತ್ತಾ ಅಂತ ಕೇಳ್ತೀನಿ ಸ್ನೇಹ," ಎಂದೆ. "ಮೊಳೆಲಿದ್ದ ಬ್ಲೌಸು ಮತ್ತೆ ಸಿಕ್ತು ಅಂತ ಮಾತ್ರ ಏಳ್ತೀನಿ."

"ಬೇಡ ಅಕ್ಕ. ತಂದ್ಕೊಟ್ಟೋಳು ನಾನು ಅಂತಾನೇ ಬರ್ಸಿ. ಇಲ್ದಿದ್ರೆ ಅವ್ರು ನೀವೇ ಬಚ್ಚಿಟ್ಕೊಂಡಿದ್ರಿ ಅಂತಾರೆ. ಬ್ಲೌಸ್ ನಿಮ್ ಹತ್ರ ಇದೆ ಅಂದ್ಮೇಲೆ ರಾತ್ರಿಯೆಲ್ಲ ಮನೇಲಿ ನಂಗೆ ಅದನ್ನೇ ಹೇಳ್ಕೊಡ್ತಿದ್ರು."

ಅವಳ ಕೈಯಿಂದ ಬ್ಯಾಗು ತೆಗೆದುಕೊಂಡೆ, ಇಬ್ಬರೂ ಒಳಗೆ ಹೋದೆವು.

ಮೇಜಿನ ಹಿಂದಿದ್ದ ಪೊಲೀಸಪ್ಪ ಆ ಬೀದಿಯ ವ್ಯಾಪಾರಿಗಳ ಹೇಳಿಕೆಯನ್ನು ಆಗಲೇ ನೋಡಿದ್ದ. ಪುಸ್ತಕ ತೆರೆದು, ತಲೆ ಎತ್ತದೆ, "ಹೊರಗಿನವ್ರು ಅಂತ ಬರ್ಕೊಳ್ಳಾಮ್ಮ?" ಎಂದ.

ನಾನು ಬ್ಲೌಸನ್ನು ಬಿಡಿಸಿ ಅವನ ಪುಸ್ತಕದ ಮೇಲೆ ಹಾಕಿದೆ. ಸ್ನೇಹ ನನಗಿಂತ ಮೊದಲು ಬಾಯಿ ತೆರೆದಳು.

"ಶಶಾಂಕ್, ಅಪ್ಪನ ಹೆಸ್ರು ಚಿಕ್ಕಸ್ವಾಮಿ. ನಮ್ಮನೆಯವ್ರು. ಬರ್ಕೊಳ್ಳಿ ಸಾರ್."