ಪರಿಶೀಲನೆಯಲ್ಲಿದೆ

“ಆರು ತಿಂಗಳಿಂದ ಹೆಣದ ಹಾಗೆ ಬಿದ್ಕೊಂಡಿದ್ದಾಳೆ. ಹೆಣಕ್ಕೂ ಒಂದು ಓಟು ಕೊಡ್ಬೇಕೇನ್ರಿ?”

ಮೈಕು ಮುಚ್ಚಿದೆ ಅಂದುಕೊಂಡು ಕಂಪನಿಯ ಮ್ಯಾನೇಜರ್ ತನ್ನ ಪಕ್ಕದವನಿಗೆ ಹೇಳಿದ ಮಾತು ಅದು. ಸಭೆ ನಡೆಯುತ್ತಿದ್ದ ಫೋನನ್ನು ನಾನು ಮಗಳ ದಿಂಬಿಗೆ ಒರಗಿಸಿ ಇಟ್ಟಿದ್ದೆ. ಅವಳಿಗೆ ಕೇಳಿಸಿತು. ಮುಖದ ಬಲಭಾಗ ಹಾಗೇ ಇತ್ತು, ಎಡಗಡೆ ತುಟಿ ಮಾತ್ರ ಒಂದಿಷ್ಟು ಅಲುಗಿತು.

“ನಿಮ್ಮಪ್ಪ ಹೆಣ, ಬೋಳೀಮಗನೆ!” ಅಂದಳು ದಪ್ಪಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಅವಳೂ ನಾನೂ ಇಪ್ಪತ್ತು ವರ್ಷದ ಜೋಡಿ. ಸಭೆ ನೋಡಲೆಂದೇ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

ಅದೇ ಶೆಡ್ಡಿನಲ್ಲಿ ಬಟ್ಟೆಗೆ ಗುರುತಿನ ಚೀಟಿ ಹಚ್ಚುತ್ತಿದ್ದಾಗಲೇ ಮಗಳು ಕಂಪ್ಯೂಟರ್ ಕಲಿತು ‘ಪಾಳಿ’ ಎಂಬ ತಂತ್ರಾಂಶ ಬರೆದಳು. ಮಗುವಿಗೆ ಜ್ವರ ಬಂದವಳು ತನ್ನ ಪಾಳಿಯನ್ನು ಇನ್ನೊಬ್ಬಳಿಗೆ ಫೋನಿನಲ್ಲೇ ದಾಟಿಸಬಹುದು, ಮೇಸ್ತ್ರಿಯ ಕಾಲು ಹಿಡಿಯಬೇಕಾಗಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಒಯ್ಯಲಿ ಎಂದು ಎಲ್ಲರ ಮುಂದೆ ಇಟ್ಟಳು. ಈ ಸಾಫ್ಟ್‌ವೇರ್ ಕಂಪನಿ ಬಂದು ಬೆನ್ನಿಗೆ ನಿಂತಿತು. ಐದು ಜನರ ಮಂಡಳಿ ಮಾಡಿದರು. ಮೂವರು ಕಂಪನಿಯವರು, ಕೆಲಸಗಾರರ ಕಡೆಯಿಂದ ಮಗಳು ಮತ್ತು ಒಬ್ಬ ಆಂಬ್ಯುಲೆನ್ಸ್ ಡ್ರೈವರ್. ದೊಡ್ಡ ಬದಲಾವಣೆಗೆ ನಾಲ್ಕು ಓಟು ಬೇಕು. ಸಣ್ಣದಕ್ಕೆ ಮೂರು ಸಾಕು.

ಕಂಪನಿಗೆ ಬೇಕಾಗಿದ್ದದ್ದು ದೊಡ್ಡದು. ನಮ್ಮ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಕೈ ಎಷ್ಟು ಹೊತ್ತು ನಿಂತಿತೆಂದು ಪಾಳಿ ನಮ್ಮನ್ನು ಕೆಲಸಕ್ಕಿಟ್ಟ ಗುತ್ತಿಗೆದಾರನಿಗೆ ತಿಳಿಸಬೇಕಂತೆ. ಮಗಳೂ ಡ್ರೈವರೂ ಎರಡು ಸಲ ಆಗಲ್ಲ ಅಂದರು. ಅಷ್ಟರಲ್ಲಿ ಮಗಳಿಗೆ ಲಕ್ವಾ ಹೊಡೆಯಿತು. ಮುಂದಿನ ತಿಂಗಳೇ ಒಂದು ಸಣ್ಣ ನಿಯಮ ಬಂತು: ಆರು ತಿಂಗಳಲ್ಲಿ ಒಂದಾದರೂ ತಿದ್ದುಪಡಿ ಸೇರಿಸದ ಸದಸ್ಯರ ಜಾಗ ಖಾಲಿ.

ಅವಧಿಗೆ ಹನ್ನೊಂದು ದಿನ ಉಳಿದಿದ್ದಾಗ ಒಂದು ತಿದ್ದುಪಡಿ ಕಳಿಸಿದೆವು. ಪಾಳಿ ಬೇಕಾ ಎಂದು ಕೇಳುವ ಕರೆ ಐದೇ ನಿಮಿಷಕ್ಕೆ ಮಾಯವಾಗುತ್ತಿತ್ತು. ಒದ್ದೆ ಕೈಗವಸು ಕಳಚಿ ಫೋನು ಹಿಡಿಯುವಷ್ಟರಲ್ಲಿ ಹೋಗಿಬಿಟ್ಟಿರುತ್ತಿತ್ತು. ಐದನ್ನು ಇಪ್ಪತ್ತು ಮಾಡಬೇಕು, ಅಷ್ಟೇ. ನಾನು ಫೋನು ಹಿಡಿದೆ. ಮಗಳು ಎಡಗೈಯ ಒಂದೇ ಬೆರಳಲ್ಲಿ ಒತ್ತಿದಳು. ಮುಗಿಯುವಷ್ಟರಲ್ಲಿ ಅವಳ ದಿಂಬು ಬೆವರಿಂದ ಒದ್ದೆ. ‘ಪರಿಶೀಲನೆಯಲ್ಲಿದೆ’ ಎಂದು ಬಂತು. ಹನ್ನೊಂದು ದಿನವೂ ಅದೇ ಇತ್ತು.

“ಆಕೆ ಕಳಿಸಿದ್ದು ನಿಮ್ಮ ಮುಂದೇನೇ ಬಿದ್ದಿದೆಯಲ್ರೀ,” ಅಂದ ಸಭೆಯಲ್ಲಿ ಡ್ರೈವರ್.

“ಕಳಿಸಿದ್ದು ಲೆಕ್ಕಕ್ಕಿಲ್ಲ. ಸೇರಿಸಿಕೊಂಡಿದ್ದು ಮಾತ್ರ ಲೆಕ್ಕ,” ಅಂದ ಮ್ಯಾನೇಜರ್.

“ಸೇರಿಸ್ಕೊಳ್ಳೋರು ಯಾರು?”

“ನಾವೇ. ಆದ್ರೆ ಕೆಲಸ ಜಾಸ್ತಿ ಇತ್ತು ನೋಡಿ.”

ಯಾರೋ ಕಿಸಕ್ಕನೆ ನಕ್ಕರು. ನಾನು ಮೈಕು ಒತ್ತಿದೆ. “ಸ್ವಾಮಿ, ನಾನು ಅವಳ ತಾಯಿ...”

“ಅಮ್ಮಾ, ಇಲ್ಲಿ ಸದಸ್ಯರು ಮಾತ್ರ ಮಾತಾಡ್ಬೇಕು.”

“ಸದಸ್ಯೆ ಇಲ್ಲೇ ಇದ್ದಾಳಲ್ಲ, ಕಾಣ್ತಿಲ್ವಾ?”

“ಹಾಗಾದ್ರೆ ಅವರೇ ಮಾತಾಡ್ಲಿ. ಕಾಯ್ತೀವಿ.”

ಕಾದರು. ಮಗಳು ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. ತುಟಿಯ ಮೂಲೆಯಿಂದ ಜೊಲ್ಲು ಇಳಿಯಿತು, ನಾನು ಸೆರಗಿನಲ್ಲಿ ಒರೆಸಿದೆ. “ತಿ... ತಿ...” ಅನ್ನುವುದರಲ್ಲೇ ಅರ್ಧ ನಿಮಿಷ ಕಳೆಯಿತು.

“ಸದಸ್ಯರು ಏನೂ ಹೇಳಲಿಲ್ಲ ಅಂತ ಬರ್ಕೊಳ್ಳಿ,” ಅಂದ ಮ್ಯಾನೇಜರ್.

ಖಾಲಿಯಾದ ಜಾಗಕ್ಕೆ ಗುತ್ತಿಗೆದಾರನ ಅಳಿಯನನ್ನು ತಂದು ಕೂರಿಸಿದರು. ಪಟ್ಟಿಯ ಮಾತು ಓಟಿಗೆ ಬಂತು. ನಾಲ್ಕು ಪರ, ಒಂದು ವಿರೋಧ. ಚಹಾ ಕಾಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಸಂಜೆ ಫೋನು ಗುಂಯ್‌ ಅಂದಿತು. ‘ನಿಮ್ಮ ತಿದ್ದುಪಡಿಯನ್ನು ಸೇರಿಸಿಕೊಳ್ಳಲಾಗಿದೆ. ನಿಮ್ಮ ಅಮೂಲ್ಯ ಕೊಡುಗೆಗೆ ಧನ್ಯವಾದ.’ ಕೆಳಗೊಂದು ನಗುವ ಮುಖ.

“ಓದ್ಬೇಡ ಕಣೇ, ಅವಳಿಗೆ,” ಅಂದಳು ದಪ್ಪಕ್ಕ ಮೆಲ್ಲಗೆ. ನಾನು ಓದಿದೆ. ಅವಳು ಬರೆದದ್ದರ ಸುದ್ದಿ ಅವಳಿಂದ ಮುಚ್ಚಿಡಲು ನಾನ್ಯಾರು?

ನಾನು ಕಿವಿ ಹತ್ತಿರ ತರುವವರೆಗೂ ಮಗಳು ಕಾದು, ಅಂದಳು: “ಇ...ಪ್ಪತ್ತು. ಒಳ್ಳೇ...ದಾಯ್ತು... ಶೆಡ್ಡಿ...ನವ್ರಿಗೆ.”

ಅವಳ ಎದುರಿಗೆ ನಾನು ಅಳಲಿಲ್ಲ. ಪಾತ್ರೆ ತೊಳೆಯಲು ಹೋದೆ. ತೊಳೆದವನ್ನೇ ಮತ್ತೆ ತೊಳೆದೆ.

ಮುಂದಿನ ವಾರ ಎಲ್ಲರ ಮಣಿಕಟ್ಟಿಗೂ ಕಪ್ಪು ಪಟ್ಟಿ ಬಂತು. ಇಸ್ತ್ರಿ ಮಾಡುವ ಬಿಸಿ ಉರುಳೆಯ ಯಂತ್ರದಿಂದ ಹಾಸಿಗೆ ಬಟ್ಟೆ ಒಂದರ ಹಿಂದೊಂದು ಹೊರಬರುತ್ತಿತ್ತು. ಆ ತುದಿ ದಪ್ಪಕ್ಕನದು, ಈ ತುದಿ ನನ್ನದು. ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಕೈ ಕೆಳಗಿಳಿಸಿ ನಿಂತೆ.

ಮೇಸ್ತ್ರಿ ಫೋನು ನೋಡುತ್ತ ಓಡಿಬಂದ. “ಏನೇ ಮುದುಕಿ, ಸತ್ತೋದ್ಯೇನು? ಕೈ ನಿಂತು ಎರಡು ನಿಮಿಷ ಆಯ್ತು ಅಂತ ತೋರಿಸ್ತಿದೆ!”

“ಸರಿಯಾಗೇ ತೋರಿಸ್ತಿದೆ ಕಣಪ್ಪ. ಪಾಳಿ ನನ್ನ ಮಗಳು ಬರೆದಿದ್ದು, ಸುಳ್ಳು ಹೇಳಲ್ಲ.”

“ಕೆಲಸ ಹೋಗುತ್ತೆ!”

ನಾನು ಕೈ ಎತ್ತಲಿಲ್ಲ. ಎದುರಿಗೆ ದಪ್ಪಕ್ಕ ಕೂಡ ಕೈ ಬಿಟ್ಟಳು. ಆಚೆಯ ತೊಟ್ಟಿಯ ಬಳಿ ಇನ್ನೊಬ್ಬಳು ಬಿಟ್ಟಳು. ಯಂತ್ರ ಮಾತ್ರ ನಿಲ್ಲಲಿಲ್ಲ. ಹಿಡಿಯುವವರಿಲ್ಲದ ಬಿಳಿ ಬಟ್ಟೆ ಹಬೆಯಾಡುತ್ತ ಒದ್ದೆ ನೆಲದ ಮೇಲೆ ಒಂದರ ಮೇಲೊಂದು ಬೀಳುತ್ತಲೇ ಇತ್ತು.