ಗೋಪಿಯ ಕಿರುಬೆರಳು

ಗೋಪಿ ಸತ್ತ ಸುದ್ದಿ ನನಗೆ ತಲುಪಿದ್ದು ಸೋಮವಾರ ಮಧ್ಯಾಹ್ನ, ಕೋಟೇಶ್ವರದ ಕೋಟಿಲಿಂಗೇಶ್ವರ ದೇವಸ್ಥಾನದಲ್ಲಿ ಪೂಜೆ ಮುಗಿದು ತೀರ್ಥ ತೆಗೆದುಕೊಂಡು ಹೊರಗೆ ಬರುವಾಗ. ಅವನ ಮಗಳು ನಿಶ್ಮಿತಾ ಫೋನಿನಲ್ಲಿ, "ಮಾಷ್ಟ್ರೇ, ಅಪ್ಪಯ್ಯನ್ನ ಕೊಂದ್ ಹಾಕ್ರ್," ಎಂದಳು.

ಗೋಪಿ ಬೀಜಾಡಿಯವನು. ಅಂಗಡಿಗಳಿಗೆ, ದೋಣಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಮೂವತ್ತು ವರ್ಷಗಳ ಹಿಂದೆ ನನ್ನ ಇಂಗ್ಲಿಷ್ ತರಗತಿಯಲ್ಲಿದ್ದ. ಹೆಸರಿಗೂ ಎಸ್ ಅಕ್ಷರಕ್ಕೂ ನಡುವೆ ಮೇಲುಗಡೆ ತೂಗುವ ಅಪಾಸ್ಟ್ರಫಿಯನ್ನು ಮೀನುಗಾರರ ಮಕ್ಕಳು ಗಾಳ ಎನ್ನುತ್ತಿದ್ದರು. ಗೋಪಿ ಅದನ್ನು ದಿನವೂ ಮರೆಯುತ್ತಿದ್ದ. ಒಂದು ದಿನ, "ಕೈ ನೀಡು," ಎಂದು ರೂಲು ದೊಣ್ಣೆಯಿಂದ ಹೊಡೆದೆ. ಹನ್ನೊಂದು ಪೆಟ್ಟು. ಕಿರುಬೆರಳು ಮುರಿದ ಸದ್ದು ಕೊನೆಯ ಬೆಂಚಿಗೂ ಕೇಳಿತು. ಮನೆಯಲ್ಲಿ ಅವನು ಗೇರುಮರದಿಂದ ಬಿದ್ದೆ ಎಂದನಂತೆ. ನಾನು ಸುಮ್ಮನಿದ್ದೆ.

ಆ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಆದರೂ ನನಗೆ ತೋರಿಸದೆ ಅವನು ಒಂದು ಬೋರ್ಡನ್ನೂ ಬರೆಯುತ್ತಿರಲಿಲ್ಲ. ಕಾಗದದಲ್ಲಿ ಬರೆದು ಫೋಟೋ ಕಳಿಸುವನು.

"ಜ್ಯೂಸಸ್ ಅಂಬುದಕ್ಕೆ ಗಾಳ ಬ್ಯಾಡ್ದಾ, ಮಾಷ್ಟ್ರೇ?"

"ಬ್ಯಾಡ. ಒಂದಲ್ಲ, ಸುಮಾರಿತ್ತ್ ಅಂಬುಕೆ ಗಾಳ ಹಾಕುಕಾಗ. ಒಬ್ರದ್ದ್ ಅಂಬುಕೆ ಮಾತ್ರ."

ಆ ಸೋಮವಾರ ಬೆಳಿಗ್ಗೆ ಹೆದ್ದಾರಿ ಬದಿಯ ಹೊಸ ಹೋಟೆಲಿನಲ್ಲಿ ಏಣಿ ಹತ್ತಿ ರತನ್ಸ್ ಎಂದು ಬೋರ್ಡು ಬರೆಯುತ್ತಾ ಅಲ್ಲಿಂದಲೇ ಫೋನ್ ಮಾಡಿದ್ದ. ಏಣಿಯ ಕೆಳಗೆ ಹೋಟೆಲಿನ ಯಜಮಾನ ರತನ್ ಕುಡಿದು ಕೂಗುತ್ತಿದ್ದುದು ನನಗೂ ಕೇಳುತ್ತಿತ್ತು.

"ಹ್ವಾಯ್, ನನ್ ಹೆಸ್ರಿನ್ ಮೇಲೆ ಅದೆಂತ, ಕಾಕಿ ಹಿಕ್ಕಿ ಹಾಕ್ದಂಗೆ? ಒರ್ಸಾ ಅದನ್ನ!"

"ಮಾಷ್ಟ್ರೇ, ಅಂವ ಕೇಂತಿಲ್ಲ. ಗಾಳ ತೆಗಿಲಾ?"

"ತೆಗೆದ್ರೆ ನನ್ನ ಮನಿ ಮೆಟ್ಲ್ ಹತ್ಬೇಡ."

"ಆಯ್ತ್, ತೆಗಿತಿಲ್ಲೆ."

ಅವನು ಫೋನ್ ಇಟ್ಟ ಮೇಲೆ ರತನ್ ಏಣಿಗೆ ಒದ್ದ. ಎರಡಾಳು ಎತ್ತರದಿಂದ ಬಿದ್ದವನ ತಲೆಗೆ ಕಬ್ಬಿಣದ ಸರಳಿನಿಂದ ಹೊಡೆದ, ಜನ ಬಂದು ಹಿಡಿಯುವವರೆಗೂ ಹೊಡೆದ. ಡಬ್ಬಿಯಲ್ಲಿದ್ದದ್ದು ನೀಲಿ ಬಣ್ಣ. ಸಿಮೆಂಟಿನ ಮೇಲಿದ್ದ ಕೆಂಪೆಲ್ಲ ಗೋಪಿಯದೇ.

ಪೊಲೀಸರು ರತನ್‌ನನ್ನು ಕರೆದೊಯ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮೂರನೆಯ ದಿನ ಬೀಜಾಡಿಗೆ ಹೋದೆ. ಗೋಪಿಯ ತಾಯಿ, ಬಾಗಿ ಎಂಬವಳು, ಜಗಲಿಯಲ್ಲಿ ಕುಳಿತಿದ್ದಳು. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಯಾರೋ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಕಾಗದವನ್ನು ನನ್ನ ಮುಂದಿಟ್ಟಳು.

"ಒಂದ್ಸಲ ಕಂಡ್ ಕೊಡಿ, ಮಾಷ್ಟ್ರೇ. ತಪ್ಪಿದ್ರೆ ಅಂವ ಒಪ್ಪುದಿಲ್ಲ."

ತೆಗೆದ ಪೆನ್ನನ್ನು ಕೆಳಗಿಟ್ಟೆ. ಬೆರಳಿನ ವಿಷಯ, ಫೋನಿನ ವಿಷಯ, ಎಲ್ಲವನ್ನೂ ಹೇಳಿಬಿಟ್ಟೆ.

"ಬೆರ್ಳಿನ್ ಸುದ್ದಿ ನಂಗ್ ಆವತ್ತೇ ಗೊತ್ತಿತ್ತ್," ಎಂದಳು ಬಾಗಿ. "ನಮ್ ಕಡ್ಲ್ ಬದಿ ಹೊಯ್ಗಿ ಮೇಲೆ ಗೇರ್‌ಮರ ಎಲ್ಲಿತ್ತ್? ಫೋನಿಂದ್ ಗೊತ್ತಿರ್ಲಿಲ್ಲ."

ಒಳಗೆ ಹೋಗಿ ಒಂದು ಕೋಲು ತಂದಳು. ಬರೆಯುವಾಗ ಕೈ ನಡುಗದಂತೆ ಗೋಪಿ ಮಣಿಕಟ್ಟು ಊರುತ್ತಿದ್ದ ಕೋಲು ಅದು, ತುದಿಗೆ ಬಟ್ಟೆ ಸುತ್ತಿತ್ತು.

"ಕೈ ನೀಡಿ."

ನೀಡಿದೆ. ಎರಡೂ ಕೈಯಲ್ಲಿ ಎತ್ತಿ ಹೊಡೆದಳು. ಎರಡನೆಯ ಪೆಟ್ಟಿಗೆ ಗೆಣ್ಣಿನ ಚರ್ಮ ಒಡೆಯಿತು. ನಿಶ್ಮಿತಾ ಓಡಿಬಂದು ಅಜ್ಜಿಯನ್ನು ಹಿಡಿದಳು. "ಬಿಡು ಮಗಾ," ಎಂದೆ. ಐದನೆಯ ಪೆಟ್ಟಿಗೆ ಕೋಲು ಮುರಿಯಿತು.

ಬಾಗಿ ಏದುಸಿರು ಬಿಡುತ್ತಾ ಕುಳಿತಳು. ತುಂಡಾದ ಕೋಲನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡಳು.

"ಈಗ ಕಾಗ್ದ ಕಾಣಿ," ಎಂದಳು.

ಒಂದು ಕಡೆ ಗಾಳ ಬಿಟ್ಟುಹೋಗಿತ್ತು. ಊದಿದ ಕೈಯಿಂದಲೇ ಅದನ್ನು ಹಾಕಿ ಕೊಟ್ಟೆ.

ಕೋಟಿಲಿಂಗೇಶ್ವರಾ, ಆ ಜೀವ ಪೆಟ್ಟು ತಿಂದು ಬೆಳೆಯಿತು, ಪೆಟ್ಟು ತಿಂದೇ ಹೋಯಿತು. ಇನ್ನು ಯಾರೂ ಅವನಿಗೆ ಕೈ ನೀಡು ಎನ್ನದಿರಲಿ. ನೀನೇ ಆ ಕೈ ಹಿಡಿದು, ನಾನು ಮುರಿದ ಬೆರಳನ್ನು ನೆಟ್ಟಗೆ ಮಾಡಿ, ನಿನ್ನ ಪಾದದಡಿಯಲ್ಲಿ ಅವನಿಗೆ ಶಾಂತಿ ಕೊಡು, ತಂದೆ.