ಬ್ಯಾಗ್ ಕಾಯುವವರು

ನನ್ನ ಮಗ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾನೆ. ಹಾಗಾಗಿ ಮನೆಯಲ್ಲೂ ಯಾರು ಎಲ್ಲಿ ತಿರುಗಬೇಕು, ಯಾರು ಬ್ರೇಕ್ ಒತ್ತಬೇಕು ಅನ್ನುವುದನ್ನು ಅವನೇ ಹೇಳಬೇಕು. ಮೃಗಾಲಯಕ್ಕೆ ಹೋಗುವುದೆಂದು ತೀರ್ಮಾನವಾದ ಸಂಜೆ ಊಟದ ಮೇಜಿನ ಮೇಲಿದ್ದ ತಟ್ಟೆ ಲೋಟಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಅಲ್ಲಿನ ನಕ್ಷೆ ಹರಡಿ, ಗೇಟಿನ ಹೊರಗೆ ಉಪ್ಪಿನ ಡಬ್ಬಿ ಇಟ್ಟ.

"ಇದು ಅಮ್ಮ," ಎಂದ.

ಉಳಿದವರೆಲ್ಲ ಸೇರಿ ಕಾರಿನ ಕೀ. ಕೀ ಗೇಟು ದಾಟಿ ಹಕ್ಕಿಗಳ ಕಡೆ ಹೋಯಿತು, ಜಿರಾಫೆಯ ಹತ್ತಿರ ಸ್ವಲ್ಪ ನಿಂತಿತು, ಕೆರೆ ಸುತ್ತಿ ಹುಲಿ ನೋಡಿಕೊಂಡು ಊಟದ ಹೊತ್ತಿಗೆ ಉಪ್ಪಿನ ಡಬ್ಬಿಯ ಹತ್ತಿರ ವಾಪಸು ಬಂತು. ಊಟ ಮುಗಿಸಿ ಮತ್ತೆ ಒಳಗೆ ಹೋಯಿತು. ಉಪ್ಪಿನ ಡಬ್ಬಿ ಮಾತ್ರ ಇಟ್ಟಲ್ಲಿಂದ ಅಲ್ಲಾಡಲಿಲ್ಲ.

ಕಾರಣ ಇತ್ತು ಅನ್ನಿ. ಕಾರಣವಿಲ್ಲದೆ ನನ್ನ ಮಗ ಕೆಮ್ಮುವುದೂ ಇಲ್ಲ. ಮನೆ ಊಟವನ್ನು ಒಳಗೆ ಬಿಡುವುದಿಲ್ಲವಂತೆ. ಬ್ಯಾಗ್ ಇಟ್ಟುಕೊಳ್ಳುವ ಕೋಣೆಯವರು ತಿನ್ನುವ ಸಾಮಾನು ಮುಟ್ಟುವುದಿಲ್ಲವಂತೆ. ಒಳಗಿನ ಕ್ಯಾಂಟೀನಿನಲ್ಲಿ ತಿಂದರೆ ಮಕ್ಕಳ ಹೊಟ್ಟೆ ಕೆಡುತ್ತದಂತೆ. ಗೇಟಿನ ಎದುರು ಹುಲ್ಲು, ಮರ, ಬೆಂಚು ಎಲ್ಲ ಇದೆ, ಅಮ್ಮ ಅಲ್ಲಿ ಹಾಯಾಗಿ ಕೂತಿರಬಹುದು. ಹಾಯಾಗಿ! ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಈ ಮನೆಯವರ ಜೊತೆ ನಾನು ಹೋಗದ ಜಾಗವಿಲ್ಲ, ನೋಡಿದ ಜಾಗವೂ ಇಲ್ಲ. ದೋಣಿಯಲ್ಲಿ ಸುತ್ತಲು ಹೋದಾಗ ದಡದಲ್ಲಿ ಕೂತು ಎಲ್ಲರ ಚಪ್ಪಲಿ ಕಾದೆ. ವಸ್ತುಪ್ರದರ್ಶನಕ್ಕೆ ಹೋದಾಗ ಸ್ವೆಟರುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಶೌಚಾಲಯದ ಪಕ್ಕ ಕೂತೆ. ಸಮುದ್ರಕ್ಕೆ ಹೋದಾಗ ಸಮುದ್ರಕ್ಕೇ ಬೆನ್ನು ಹಾಕಿ ಕೂತಿದ್ದೆ, ಯಾಕೆಂದರೆ ಬೆಂಚು ಆ ಕಡೆಗಿತ್ತು. ಮನೆಗೆ ಬಂದ ಮೇಲೆ ಸೊಸೆ ಕೇಳಿದಳು, "ಅತ್ತೆ, ಚೆನ್ನಾಗಿತ್ತಲ್ವಾ?" ಚೆನ್ನಾಗಿತ್ತಮ್ಮಾ. ಬ್ಯಾಗು ಬಹಳ ಚೆನ್ನಾಗಿತ್ತು.

ಮಾರನೇ ದಿನ ಕೆಲಸಕ್ಕೆ ಹೋದಾಗಲೂ ಕೋಪ ಇಳಿದಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನ್ನ ಕೆಲಸ. ಬಿಸಿ ರೋಲರಿನಿಂದ ಹಬೆಯಾಡುತ್ತ ಹೊರಬರುವ ಹಾಸಿಗೆಯ ಬಟ್ಟೆಯನ್ನು ಇಬ್ಬರು ನಾಲ್ಕು ಮೂಲೆ ಹಿಡಿದು ಮಡಿಸಬೇಕು. ಎದುರಿಗೆ ನಿಲ್ಲುವವಳನ್ನು ನಾವೆಲ್ಲ ಸೂಜಿ ಅಂತಲೇ ಕರೆಯುವುದು. ಹರಿದದ್ದನ್ನು ಹೊಲಿಯುವುದೂ ಅವಳೇ, ಮಾತಿನಲ್ಲಿ ಚುಚ್ಚುವುದೂ ಅವಳೇ.

"ಮೆಲ್ಲಗೆ ಎಳಿಯೇ. ಬಟ್ಟೆ ಏನು ಮಾಡ್ತು ನಿಂಗೆ?" ಎಂದಳು.

ಹೇಳಿದೆ. ರೋಲರಿನ ಸದ್ದಿಗೆ ಕೂಗಿಯೇ ಹೇಳಬೇಕಿತ್ತು, ಅದೂ ಒಳ್ಳೆಯದೇ ಆಯಿತು.

"ಬರಲ್ಲ ಅಂದ್ಬಿಡು."

"ಬರಲ್ಲ ಅಂದ್ರೆ ಪ್ಲ್ಯಾನೇ ಬಿದ್ದುಹೋಗತ್ತೆ. ಮೊಮ್ಮಗಳು ಹುಟ್ಟುಹಬ್ಬಕ್ಕೆ ಬಟ್ಟೆ ಬೇಡ, ಕೇಕ್ ಬೇಡ, ಮೃಗಾಲಯಕ್ಕೆ ಕರ್ಕೊಂಡು ಹೋಗಿ ಅಂತ ಕೇಳಿರೋದು. ಅವಳ ಆಸೆಗೆ ನಾನ್ಯಾಕೆ ಕಲ್ಲು ಹಾಕಲಿ?"

"ಹಾಗಾದ್ರೆ ಬರ್ತೀನಿ, ಬ್ಯಾಗ್ ಕಾಯಲ್ಲ ಅನ್ನು. ಇಲ್ಲಿ ಸೂಪರ್‌ವೈಸರ್ ಮೇಲೆ ಹಾರಾಡ್ತೀಯಲ್ಲ, ಮನೇಲಿ ಆ ಬಾಯಿಗೆ ಬೀಗ ಹಾಕಿದೋರು ಯಾರು?"

ಬಟ್ಟೆ ಮಡಿಸಿದೆ. ಅವಳು ಹೇಳಿದ್ದು ಸರಿ ಅನ್ನುವುದೇ ಸಿಟ್ಟು ತರಿಸಿತು.

ಆ ಸಂಜೆ ಪ್ಲ್ಯಾನಿನ ಎರಡನೇ ಮೀಟಿಂಗು. ಮಗಳು, ಅಳಿಯ ಬಂದಿದ್ದರು. ಅವರ ಅವಳಿ ಗಂಡುಮಕ್ಕಳು ಮೇಜಿನ ಕೆಳಗೆ ಸೇರಿಕೊಂಡು ಸಿಂಹಗಳಾಗಿ ನಮ್ಮ ಕಾಲು ಕಚ್ಚುತ್ತಿದ್ದವು. ಮೊಮ್ಮಗಳು, ನನ್ನ ಮಗನ ಮಗಳು, ಸಿಂಕಿನ ಹತ್ತಿರ ಲೋಟ ಒರೆಸುತ್ತಿದ್ದಳು. ಮೊಮ್ಮಕ್ಕಳಲ್ಲಿ ಮೊದಲನೆಯವಳು ಅಂತ ಅವಳನ್ನು ಎಲ್ಲರೂ ದೊಡ್ಡೋಳು ಅನ್ನುತ್ತಾರೆ. ಇನ್ನೂ ಹನ್ನೆರಡು ತುಂಬಬೇಕು. ಒಂದು ತಿಂಗಳಿಂದ ಅವಳ ಬಾಯಲ್ಲಿ ನೀರಾನೆ ಬಿಟ್ಟರೆ ಬೇರೆ ಮಾತಿಲ್ಲ. ನೀರಾನೆ ನೀರೊಳಗೇ ನಿದ್ದೆ ಮಾಡುತ್ತದಂತೆ, ಎಚ್ಚರವಾಗದೆಯೇ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗುತ್ತದಂತೆ. ಅದನ್ನು ಕಣ್ಣಾರೆ ನೋಡಬೇಕು ಎಂದು ನನ್ನ ಪಕ್ಕ ಮಲಗಿದಾಗಲೆಲ್ಲ ಹೇಳುತ್ತಾಳೆ.

ಮಗ ಮತ್ತೆ ನಕ್ಷೆ ಹರಡಿದ. ಉಪ್ಪಿನ ಡಬ್ಬಿಗೆ ಕೈ ಹಾಕಿದ.

"ಅದನ್ನ ಅಲ್ಲಿಡಬೇಡ. ನಾನೂ ಒಳಗೆ ಬರ್ತೀನಿ," ಎಂದೆ.

"ಅಮ್ಮ, ತುಂಬಾ ನಡೀಬೇಕು ಅಲ್ಲಿ."

"ನಡೀತೀನಿ."

"ಕಾಲುನೋವು ಅಂತೀರಲ್ಲ ಅತ್ತೆ," ಎಂದಳು ಸೊಸೆ.

"ನೋವಿರೋದು ಕಾಲಿಗೆ, ಕಣ್ಣಿಗಲ್ಲ. ದಿನವಿಡೀ ರೋಲರ್ ಮುಂದೆ ನಿಂತು ಬರ್ತೀನಲ್ಲ, ಆಗ ಯಾರಿಗೂ ನನ್ನ ಕಾಲು ನೆನಪಾಗಲ್ಲ."

ಅಳಿಯನಿಗೆ ನಗು ಬಂತು. "ಅತ್ತೆಗೆ ಈ ವಯಸ್ಸಲ್ಲಿ ಹುಲಿ ನೋಡೋ ಆಸೆ!"

"ನಿಮ್ಮನ್ನೇ ನೋಡಿ ನೋಡಿ ಸಾಕಾಗಿದೆ ಅಳಿಯಂದ್ರೇ, ಅದಕ್ಕೆ."

ಅವನ ನಗು ನಿಂತಿತು. ಮಗಳು ನನ್ನ ಕಡೆ ಕಣ್ಣು ಬಿಟ್ಟಳು. ಬಿಡಲಿ. ಮಗ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಕಲಿಯಲು ಬಂದವರು ಗಾಡಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟರೆ ಹೇಗೆ ತಾಳ್ಮೆ ತಂದುಕೊಳ್ಳುತ್ತಾನೋ ಹಾಗೆಯೇ ಉಸಿರು ಬಿಟ್ಟು, ನಕ್ಷೆಯನ್ನು ಒಮ್ಮೆ ನೋಡಿ, ಮುಖ ಅರಳಿಸಿದ.

"ಆಯ್ತು, ಅಮ್ಮ ಬರಲಿ. ದೊಡ್ಡೋಳು ಕೂತ್ಕೋತಾಳೆ. ಗೇಟಲ್ಲಿ ಸೆಕ್ಯೂರಿಟಿ ಇರ್ತಾರೆ, ಭಯ ಇಲ್ಲ. ಮೊಬೈಲ್ ಕೊಟ್ಟಿರ್ತೀನಿ. ಊಟ ಆದ್ಮೇಲೆ ಟೈಮ್ ಇದ್ರೆ ಅವಳೂ ಒಂದು ರೌಂಡ್ ಹಾಕಲಿ. ಈ ಎರಡು ಕೋತಿಗಳನ್ನಂತೂ ಬಿಟ್ಟು ಹೋಗೋಕಾಗಲ್ಲ, ಊರು ಒಂದು ಮಾಡ್ತವೆ. ಅವಳು ಜಾಣೆ. ಏನೇ ದೊಡ್ಡೋಳೇ?"

ಅಂದರೆ ಯಾರ ಹುಟ್ಟುಹಬ್ಬವೋ ಅವಳೇ ಹೊರಗೆ! ಸೊಸೆ ಬಾಯಿ ತೆರೆದಳು, ಗಂಡನ ಮುಖ ನೋಡಿ ಮುಚ್ಚಿಕೊಂಡಳು. ನಾನು ದೊಡ್ಡೋಳ ಕಡೆ ತಿರುಗಿದೆ. ಲೋಟ ಒರೆಸುತ್ತಿದ್ದ ಅವಳ ಕೈ ಒಂದು ಕ್ಷಣ ನಿಂತಿತು, ಮತ್ತೆ ಒರೆಸತೊಡಗಿತು.

"ಆಯ್ತಪ್ಪ," ಎಂದಳು. "ನಂಗೇನೂ ಅಷ್ಟು ಇಷ್ಟ ಇಲ್ಲ. ಟೀವೀಲಿ ನೋಡಿದೀನಲ್ಲ."

ಅಷ್ಟು ಹೇಳಿ ನಕ್ಕಳು ಕೂಡ.

"ಎಷ್ಟು ಒಳ್ಳೇ ಹುಡುಗಿ ನೋಡು," ಎಂದಳು ನನ್ನ ಮಗಳು, ಬಾಯಿ ತುಂಬ.

ಆ ನಗು ನನ್ನದು. ಆ ಮಾತೂ ನನ್ನದೇ. ದೋಣಿಯ ಹತ್ತಿರ, ಸಮುದ್ರದ ಹತ್ತಿರ, ನನಗೇನೂ ಅಷ್ಟು ಇಷ್ಟವಿಲ್ಲ, ನೀವು ಹೋಗಿಬನ್ನಿ ಎಂದು ನಾನು ನಗುತ್ತಿದ್ದದ್ದು ಹೀಗೆಯೇ. ಅಮ್ಮ ಎಷ್ಟು ಒಳ್ಳೆಯವಳು ಎಂದು ಇವರು ಹೊಗಳುತ್ತಿದ್ದದ್ದೂ ಹೀಗೆಯೇ. ನನ್ನ ಪಿತ್ತ ನೆತ್ತಿಗೇರಿತು. ಅಂಗೈಯಿಂದ ಮೇಜಿಗೆ ಬಡಿದ ರಭಸಕ್ಕೆ ಸಿಂಹಗಳು ಕೆಳಗಿನಿಂದ ಓಡಿಹೋದವು.

"ಸುಳ್ಳು!" ಎಂದು ಕಿರುಚಿದೆ. ಮಗನಿಗಲ್ಲ, ದೊಡ್ಡೋಳಿಗೆ. "ಯಾಕೆ ಸುಳ್ಳು ಹೇಳ್ತೀಯ? ನೀರಾನೆ ಅಂತ ತಿಂಗಳಿಂದ ನನ್ನ ಕಿವಿ ತಿಂದಿದ್ದು ಯಾರು? ಇಷ್ಟ ಇಲ್ವಾ ನಿಂಗೆ?"

ಅವಳು ಬೆಚ್ಚಿಬಿದ್ದಳು. ನಾನು ಅವಳ ಮೇಲೆ ಯಾವತ್ತೂ ಕೂಗಿದವಳಲ್ಲ.

"ಅಮ್ಮ, ತಲೆ ನೆಟ್ಟಗಿದೆಯಾ?" ಮಗ ಎದ್ದುನಿಂತ. "ಮಗು ಮೇಲೆ ಯಾಕೆ ಹಾರ್ತೀಯ? ಅವಳು ಒಪ್ಕೊಂಡಾಯ್ತಲ್ಲ!"

"ನೀನು ಬಾಯಿ ಮುಚ್ಚು. ನನ್ನ ಮುಖ ನೋಡಿ ಇನ್ನೊಂದು ಸಲ ಹೇಳೇ ದೊಡ್ಡೋಳೇ. ಇಷ್ಟ ಇಲ್ಲ ಅಂತ ಹೇಳು."

ಅವಳ ತುಟಿ ನಡುಗಿತು. ಅಳುತ್ತಾಳೆ ಅಂದುಕೊಂಡೆ. ಅತ್ತರೆ ಎಲ್ಲ ಮುಗಿಯಿತು, ಯಾರಾದರೂ ಎದೆಗವಚಿ ಸಮಾಧಾನ ಮಾಡಿ, ಬೆಂಚಿನ ಮೇಲೆ ಕೂರಿಸಿಯೇ ಬಿಡುತ್ತಾರೆ. ಆದರೆ ಅವಳು ಒರೆಸುವ ಬಟ್ಟೆಯನ್ನು ನೆಲಕ್ಕೆ ಬೀಸಿ ಒಗೆದಳು.

"ಇಷ್ಟ ಇದೆ! ನಾನೇ ಕೇಳಿದ್ದು! ನನ್ನ ಹುಟ್ಟುಹಬ್ಬಕ್ಕೆ ನಾನೇ ಕೇಳಿದ್ದು! ನೀವೆಲ್ಲ ಒಳಗೆ ಹೋಗಿ, ನಾನು ಹೊರಗೆ ಡಬ್ಬಿ ಕಾಯ್ಬೇಕಾ? ಯಾವಾಗ್ಲೂ ನಾನೇ ಯಾಕೆ? ಮಾವಂಗೆ ಹೇಳಿ! ಅಪ್ಪ, ನೀನೇ ಕೂತ್ಕೋ!" ಆಮೇಲೆ ನನ್ನ ಕಡೆ ತಿರುಗಿದಳು. ಮುಖವೆಲ್ಲ ಕೆಂಪಾಗಿತ್ತು. "ನೀನೂ ಅಷ್ಟೇ ಅಜ್ಜಿ! ನೀನು ಆಗಲ್ಲ ಅಂದಿದ್ದಕ್ಕೇ ನನ್ನ ತಲೆಗೆ ಕಟ್ಟಿದ್ರು. ಈಗ ನನಗೇ ಬೈತೀಯ! ನೀವ್ಯಾರೂ ಬೇಡ ನಂಗೆ!"

ಕೋಣೆಗೆ ಹೋಗಿ ಬಾಗಿಲನ್ನು ಎಷ್ಟು ಜೋರಾಗಿ ಹಾಕಿಕೊಂಡಳೆಂದರೆ ಕಿಟಕಿಯ ಗಾಜು ಅದುರಿತು.

ಅವಳು ನನಗೆ ಅಂದದ್ದು ನೆಟ್ಟಗೆ ಎದೆಗೇ ತಾಗಿತ್ತು, ಯಾಕೆಂದರೆ ಅದು ನಿಜ.

"ಖುಷಿ ಆಯ್ತಾ?" ಎಂದ ಮಗ. "ಎಲ್ಲ ಸರಿಹೋಗಿತ್ತು, ಮಣ್ಣುಪಾಲು ಮಾಡ್ದೆ." ಆಮೇಲೆ ಹೆಂಡತಿಗೆ ಹೇಳಿದ, "ಹೋಗು, ಸ್ವಲ್ಪ ಪುಸಲಾಯಿಸಿ ಕರ್ಕೊಂಡು ಬಾ. ಐಸ್‌ಕ್ರೀಮ್ ಕೊಡಿಸ್ತೀನಿ ಅನ್ನು. ಕೋಪ ಇಳಿದ್ರೆ ಒಪ್ಕೋತಾಳೆ, ಪಾಪ ಒಳ್ಳೇ ಹುಡುಗಿ."

ಸೊಸೆ ಎದ್ದಳು. ಅವಳಿಗಿಂತ ಮುಂಚೆ ನಾನು ಎದ್ದೆ. ನನ್ನ ಕುರ್ಚಿಯನ್ನು ನೆಲದ ಮೇಲೆ ಕರಕರ ಎಳೆದುಕೊಂಡು ಹೋಗಿ, ದೊಡ್ಡೋಳ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತೆ.

"ಯಾರೂ ಒಳಗೆ ಹೋಗ್ಬೇಡಿ," ಎಂದೆ.

"ಅತ್ತೆ, ಅಳ್ತಿದಾಳೆ."

"ಅಳ್ತಿಲ್ಲ, ಕೋಪ ಬಂದಿದೆ ಅವಳಿಗೆ. ಅದನ್ನ ಯಾರೂ ಮುಟ್ಬೇಡಿ."

ಮಗ ಒಂದು ಹೆಜ್ಜೆ ಮುಂದೆ ಬಂದ. ನನ್ನ ಮುಖ ನೋಡಿ ಅಲ್ಲೇ ನಿಂತ. ಬೆನ್ನ ಹಿಂದೆ, ಬಾಗಿಲ ಆಚೆ, ದೊಡ್ಡೋಳು ಮಂಚವನ್ನು ಧಡಧಡ ಒದೆಯುತ್ತಿದ್ದಳು. ಒದೆಯಲಿ. ಸಾಕಾಗುವವರೆಗೂ ಒದೆಯಲಿ, ನಾನು ಇಲ್ಲೇ ಕೂತಿರುತ್ತೇನೆ.